ಬಸಿಗಾಲುವೆ ಮತ್ತು ನನ್ನ ಬಲಗೈ

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಕೊಯ್ಲು ಶುರುವಾದರೆ ಹೆಂಗಸರ ರಾತ್ರಿಗಳು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆಯೇ ಕಳೆಯುತ್ತವೆ. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಎರಡನೇ ವರ್ಷ, ಈಗ ಆರಾಮಾಗಿದ್ದೇನೆ ಅಂತ ನಾನೂ ಸುಲಿಯಲು ಕೂತೆ. ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ರವಿಕೆಯ ಬಲತೋಳು ಮೊಣಕೈ ಹತ್ತಿರವೇ ಸಿಕ್ಕಿಕೊಂಡಿತು. ನೋವಿರಲಿಲ್ಲ. ಭಾರ ಮಾತ್ರ, ತುಂಬಿದ ಕೊಡವನ್ನು ಕೈಗೆ ಕಟ್ಟಿದ ಹಾಗೆ.

"ಸುಲಿದು ಸುಲಿದು ಬಾತಿದೆ, ಎಣ್ಣೆ ಹಚ್ಚಿ ತಿಕ್ಕಿಸಿಕೋ" ಎಂದರು ಅತ್ತೆ. ಮಾಲೀಶು ಮಾಡುವವರೊಬ್ಬರ ಬಗ್ಗೆ ಪರಿಚಯದವರು ಹೇಳಿದರು. ಅವರು ಬಿಸಿ ಎಣ್ಣೆ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೂರು ದಿನ ತಿಕ್ಕಿದರು. ಮೂರನೇ ದಿನಕ್ಕೆ ಬೆರಳಿನ ಗೆಣ್ಣುಗಳೇ ಕಾಣದಷ್ಟು ಬಾವು ಬಂತು. ಅವರೇನೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಇದು ಬೇರೆ ಥರದ ಬಾವು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ ಆದ ಆಸ್ಪತ್ರೆಯಲ್ಲೂ ಯಾರೂ ಹೇಳಿ ಕಳಿಸಿರಲಿಲ್ಲ. ಆ ಬೇಸರ ನನಗೆ ಇಂದಿಗೂ ಇದೆ.

ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಕೈ ಮುಟ್ಟುವ ಮೊದಲೇ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದರು. ಕ್ಯಾನ್ಸರ್ ಮರಳಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮಾತು. "ಅಕ್ಕಾ, ಇದಕ್ಕೆ ಲಿಂಫೆಡೀಮಾ ಅಂತಾರೆ. ಕಂಕುಳಿನ ದುಗ್ಧಗ್ರಂಥಿಗಳನ್ನು, ಅಂದರೆ ಅಲ್ಲಿ ಸಹಜವಾಗಿ ಇರುವ ಸಣ್ಣ ಗಂಟುಗಳನ್ನು, ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ. ನೀವು ತಪ್ಪು ಮಾಡಿದ್ದರಿಂದ ಬಂದಿದ್ದಲ್ಲ" ಎಂದರು. ಆ ಕೊನೆಯ ಮಾತು ಕೇಳಿ ನನಗೆ ಅಳು ಬಂತು.

ಅವರು ಹೇಳಿದ್ದು ನನಗೆ ಅರ್ಥವಾದದ್ದು ತೋಟದ ಲೆಕ್ಕದಲ್ಲಿ. ಸಣ್ಣ ಸಣ್ಣ ರಕ್ತನಾಳಗಳಿಂದ ನೀರು ಸದಾ ಹೊರಗೆ ಜಿನುಗುತ್ತಿರುತ್ತದೆ. ಹಾಗೆ ಜಿನುಗಿದ ನೀರನ್ನೂ ಅದರ ಜೊತೆಗಿನ ಪ್ರೋಟೀನನ್ನೂ ಎತ್ತಿಕೊಂಡು ಹೋಗಿ, ಗಂಟುಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ (ಲಿಂಫ್ ನಾಳಗಳ) ಕೆಲಸ. ರಕ್ತಕ್ಕೆ ಹೃದಯ ಇದೆ. ಈ ದುಗ್ಧರಸಕ್ಕೆ ಅಂಥ ಪಂಪು ಇಲ್ಲ. ನಾಳಗಳು ತಾವೇ ಮೆಲ್ಲಗೆ ಹಿಂಡಿಕೊಳ್ಳುತ್ತವೆ, ನಮ್ಮ ಉಸಿರು ಮತ್ತು ಸ್ನಾಯುಗಳ ಓಡಾಟ ಅದಕ್ಕೆ ಕೈಜೋಡಿಸುತ್ತವೆ, ಅಷ್ಟೇ. ನನ್ನ ಬಲ ಕಂಕುಳಿನಲ್ಲಿ ಗಂಟುಗಳಿಲ್ಲ. ಅಂದರೆ ಕೈಯ ನೀರು ಹೋಗುವ ಮುಖ್ಯ ದಾರಿಯೇ ಮುಚ್ಚಿದೆ.

ನಮ್ಮಲ್ಲಿ ಎರಡು ಸಾಲು ಅಡಿಕೆಯ ನಡುವೆ ಬಸಿಗಾಲುವೆ ಇರುತ್ತದೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕಾಗಿ. ಅದರ ಹೂಳು ತೆಗೆಯುವಾಗ ಮೇಲಿನ ತುದಿಯಿಂದ ಶುರು ಮಾಡಿ ಪ್ರಯೋಜನವಿಲ್ಲ. ಮೊದಲು ಕೆಳಗೆ, ಹಳ್ಳಕ್ಕೆ ಸೇರುವ ಬಾಯಿ ಬಿಡಿಸಬೇಕು. ಆಮೇಲೆ ಹಿಂದೆ ಹಿಂದೆ ಬರಬೇಕು. ದುಗ್ಧರಸ ಸರಿಸಲು ಫಿಸಿಯೋ ಮೇಡಂ ಕಲಿಸಿದ ಕೈಯ ಮಸಾಜೂ ಥೇಟ್ ಹೀಗೆಯೇ. ಬಾತಿರುವುದು ಕೈ, ಆದರೆ ಶುರು ಮಾಡುವುದು ಕುತ್ತಿಗೆಯಿಂದ. ಮುಂಚೆ ತಿಕ್ಕಿದವರು ಬೆರಳಿನಿಂದ ಶುರು ಮಾಡಿ ನೀರನ್ನು ಮುಚ್ಚಿದ ಬಾಯಿಯ ಕಡೆಗೇ ನೂಕಿದ್ದರು.

ಇನ್ನೊಂದು ತಪ್ಪು ಒತ್ತಡದ್ದು. ದುಗ್ಧನಾಳಗಳ ಮೊದಲ ಜಾಲ ಇರುವುದು ಚರ್ಮದ ಸ್ವಲ್ಪವೇ ಕೆಳಗೆ. ಜೋರಾಗಿ ಒತ್ತಿದರೆ ಅವು ಮುಚ್ಚಿಕೊಳ್ಳುತ್ತವೆ. ರಕ್ತದ ಓಡಾಟ ಹೆಚ್ಚಿ ಇನ್ನಷ್ಟು ನೀರು ಜಿನುಗುತ್ತದೆ. ಚರ್ಮವನ್ನು ಮೆಲ್ಲಗೆ ಎಳೆದು ಬಿಟ್ಟರೆ ಅವುಗಳ ಬಾಯಿ ತೆರೆಯುತ್ತದೆ. ಮೊದಲ ದಿನ ಫಿಸಿಯೋ ಮೇಡಂ ಕೈಯಿಟ್ಟಾಗ, ಇದೇನು ಸುಮ್ನೆ ಸವರುತ್ತಿದ್ದಾರಲ್ಲ ಅನ್ನಿಸಿತ್ತು. ನನ್ನ ಸರದಿ ಬಂದಾಗ ಹತ್ತು ಸಲ ತಿದ್ದಿದರು. "ಅಕ್ಕಾ, ಮಗುವಿನ ಕೆನ್ನೆ ಅಂದುಕೊಳ್ಳಿ. ಕೆಳಗಿನ ಮಾಂಸ ಕೈಗೆ ಸಿಕ್ಕಿತು ಅಂದ್ರೆ ಜಾಸ್ತಿ ಒತ್ತಿದ್ದೀರಿ ಅಂತಲೇ ಅರ್ಥ."

ಎಣ್ಣೆಯನ್ನೂ ಬಿಡಿಸಿದರು. ಕೈ ಜಾರಿದರೆ ಚರ್ಮ ಹಿಡಿತಕ್ಕೆ ಸಿಗುವುದಿಲ್ಲ, ಅಲ್ವಾ.

ಈಗ ನಾನು ದಿನಾ ಬೆಳಿಗ್ಗೆ ಮಾಡುವುದು ಇಷ್ಟು. ಗೋಡೆಗೆ ಒರಗಿ ಕೂತು, ಹೊಟ್ಟೆ ಉಬ್ಬುವ ಹಾಗೆ ಐದು ಸಲ ಉಸಿರೆಳೆದು ಬಿಡುತ್ತೇನೆ. ಕುತ್ತಿಗೆಯ ಎರಡೂ ಬದಿ, ಆಮೇಲೆ ಕಾಲರ್ ಬೋನ್ ಮೇಲಿನ ಕುಳಿಯಲ್ಲಿ ಮೂರು ಬೆರಳು ಚಪ್ಪಟೆಯಾಗಿಟ್ಟು ಮೆಲ್ಲಗೆ ಸುತ್ತು. ಒಂದೊಂದು ಕಡೆ ಐದರಿಂದ ಏಳು ಸಲ. ನಂತರ ಎಡ ಕಂಕುಳು. ಅಲ್ಲಿ ಗಂಟುಗಳು ಸರಿಯಾಗಿವೆ, ಹಾಗಾಗಿ ನೀರನ್ನು ಅಲ್ಲಿಗೆ ತಿರುಗಿಸಬೇಕು. ಬಲ ಎದೆಯ ಮೇಲಿಂದ ಎಡ ಕಂಕುಳಿನ ಕಡೆಗೆ ಚರ್ಮವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತೇನೆ. ಇನ್ನೊಂದು ದಾರಿ ಬಲ ತೊಡೆಸಂದಿನ ಗಂಟುಗಳದ್ದು. ಮೊದಲು ತೊಡೆಸಂದಿನಲ್ಲಿ ಸುತ್ತು, ಆಮೇಲೆ ಬಲ ಪಕ್ಕೆಯಿಂದ ಕೆಳಕ್ಕೆ.

ಇಷ್ಟಾಗುವವರೆಗೆ ಕೈಯನ್ನು ಮುಟ್ಟುವುದೇ ಇಲ್ಲ. ಆಮೇಲೆ ಮೇಲ್ತೋಳು, ಒಳಬದಿಯಿಂದ ಹೊರಬದಿಗೆ, ಅಲ್ಲಿಂದ ಭುಜದ ಮೇಲಕ್ಕೆ. ನಂತರ ಮೊಣಕೈ, ಮುಂಗೈ, ಕೊನೆಗೆ ಬೆರಳು. ಎಲ್ಲಿ ಮಾಡಿದರೂ ತಳ್ಳುವುದು ಭುಜದ ಕಡೆಗೇ. ಮುಗಿದ ಮೇಲೆ ಬಂದ ದಾರಿಯಲ್ಲೇ ವಾಪಸ್ಸು, ಕುತ್ತಿಗೆಯವರೆಗೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅವಸರ ಮಾಡಿದ ದಿನ ಗುಣ ಕಾಣುವುದಿಲ್ಲ. ಒಂದು ಸುತ್ತಿಗೆ ಒಂದು ಉಸಿರಿನಷ್ಟು ಹೊತ್ತು ಬೇಕು.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನನ್ನ ಕೈ ಇಳಿದದ್ದು ಬರೀ ಮಸಾಜಿನಿಂದ ಅಲ್ಲ. ಮೊದಲ ಮೂರು ವಾರ ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿ ಉಳಿದೆ. ದಿನಾ ಮಸಾಜ್ ಆದ ಕೂಡಲೇ ಬೆರಳಿನಿಂದ ಭುಜದವರೆಗೆ ಪದರ ಪದರವಾಗಿ ಬ್ಯಾಂಡೇಜು ಸುತ್ತುತ್ತಿದ್ದರು. ಅದನ್ನು ಕಟ್ಟಿಕೊಂಡೇ ಕೈ ಮಡಚುವ, ಮುಷ್ಟಿ ಹಿಡಿಯುವ ವ್ಯಾಯಾಮ. ಮೊಣಕೈ ಮೇಲಿನ ಸುತ್ತಳತೆ ಎಡಗೈಗಿಂತ 4 ಸೆಂಟಿಮೀಟರ್ ಜಾಸ್ತಿ ಇದ್ದದ್ದು ಒಂದೂವರೆಗೆ ಇಳಿಯಿತು. ಈಗ ಹಗಲಿಡೀ ಬಿಗಿಯಾದ ಕಂಪ್ರೆಷನ್ ಸ್ಲೀವ್. ನಮ್ಮ ಮಳೆಗಾಲದ ಥಂಡಿಯಲ್ಲಿ ಅದು ಒಣಗುವುದಿಲ್ಲ, ಅದಕ್ಕೆ ಎರಡು ಸ್ಲೀವ್ ಇಟ್ಟುಕೊಂಡಿದ್ದೇನೆ. ಮಸಾಜು ನೀರಿಗೆ ದಾರಿ ಮಾಡಿಕೊಡುತ್ತದೆ, ಹೋದ ನೀರು ಮರಳದ ಹಾಗೆ ತಡೆಯುವುದು ಬಟ್ಟೆ. ಅಧ್ಯಯನಗಳಲ್ಲೂ ಬ್ಯಾಂಡೇಜಿಗೇ ಜಾಸ್ತಿ ಬಲ ಕಂಡಿದೆ, ಮಸಾಜಿನಿಂದ ಸಿಗುವುದು ಅದರ ಮೇಲಿನ ಸ್ವಲ್ಪ ಲಾಭ.

ಈ ಕೈಚಳಕ ಹುಟ್ಟಿದ ಕತೆಯನ್ನೂ ಬ್ಯಾಂಡೇಜು ಸುತ್ತುತ್ತಾ ಮೇಡಂ ಹೇಳಿದ್ದರು. ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಎಸ್ಟ್ರಿಡ್ ವೊಡ್ಡರ್ ಎಂಬ ದಂಪತಿ 1930ರ ದಶಕದಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ಕೆಲಸ ಮಾಡುತ್ತಿದ್ದರಂತೆ. ಸದಾ ನೆಗಡಿಯಿಂದ ನರಳುವವರ ಕುತ್ತಿಗೆಯಲ್ಲಿ ಊದಿದ ಗಂಟುಗಳು ಅವರ ಕೈಗೆ ಸಿಗುತ್ತಿದ್ದವು. ಗಂಟು ಮುಟ್ಟಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರು ಮೆಲ್ಲಗೆ ಮುಟ್ಟಿ ನೋಡಿದರು. 1936ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಜನರ ಮುಂದಿಟ್ಟರು. ಮುಂದೆ ಜರ್ಮನಿಯಲ್ಲಿ ಫೋಲ್ಡಿ ದಂಪತಿ ಇದಕ್ಕೆ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಎಲ್ಲವನ್ನೂ ಸೇರಿಸಿ ಒಂದು ಪೂರ್ತಿ ಚಿಕಿತ್ಸೆಯಾಗಿ ಬೆಳೆಸಿದರು. ನನ್ನ ಕೈಗೆ ಆದದ್ದು ಅದೇ.

ಚರ್ಮದ ವಿಷಯ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. ಬಾತಿದ್ದಾಗ ನನ್ನ ಮುಂಗೈ ಬೆಂಕಿಗೆ ಕಾಸಿದ ತಮಟೆಯ ಹಾಗೆ ಬಿಗಿದು ಹೊಳೆಯುತ್ತಿತ್ತು. ಒಣಗಿ ಹೊಟ್ಟು ಏಳುತ್ತಿತ್ತು. ನೀರು ಬಹಳ ಕಾಲ ನಿಂತರೆ ಚರ್ಮ ದಪ್ಪವಾಗಿ ಗಡುಸಾಗುತ್ತದೆ. ಸಣ್ಣ ಗೀರಿನಿಂದಲೂ ಸೋಂಕು ಒಳಹೋಗುತ್ತದೆ. ನನಗೂ ಒಮ್ಮೆ ಹಾಗಾಯಿತು. ಮಲ್ಲಿಗೆ ಗಿಡ ಸವರುವಾಗ ಒಂದು ಕಡ್ಡಿ ಗೀರಿತ್ತು. ಸಂಜೆಗೆ ಕೈ ಕೆಂಪಾಗಿ, ರಾತ್ರಿ ನಡುಗುವ ಜ್ವರ. ಐದು ದಿನ ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಹಾಕಿಸಿಕೊಂಡೆ. ಅಂಥ ಹೊತ್ತಲ್ಲಿ ಮಸಾಜು ಮಾಡಲೇಬಾರದು. ಸೋಂಕು ಪೂರ್ತಿ ಹೋಗುವವರೆಗೆ ಕೈಗೆ ವಿಶ್ರಾಂತಿ.

ಅಂದಿನಿಂದ ತೋಟಕ್ಕೆ, ಹೂ ಕೊಯ್ಯಲಿಕ್ಕೆ ಕೈಗವಸು ಬಿಟ್ಟು ಹೋಗುವುದಿಲ್ಲ. ಒಗ್ಗರಣೆ ಎಡಗೈಯಲ್ಲಿ. ಬಿಪಿ ನೋಡುವುದು, ಸೂಜಿ ಚುಚ್ಚುವುದು ಎಡಗೈಗೆ ಅಂತ ನಾನೇ ಮೊದಲು ಹೇಳುತ್ತೇನೆ. ಸ್ಲೀವ್ ಬಿಚ್ಚಿದ ಮೇಲೆ, ರಾತ್ರಿ ಮಲಗುವಾಗ, ಸೋಪಿನಲ್ಲಿ ತೊಳೆದು ಒರೆಸಿ ವಾಸನೆಯಿಲ್ಲದ ಕ್ರೀಮು ಹಚ್ಚುತ್ತೇನೆ. ಮೂರು ತಿಂಗಳಲ್ಲಿ ಚರ್ಮ ಚಿವುಟಲು ಸಿಗುವಷ್ಟು ಮೆತ್ತಗಾಯಿತು. ಗೆಣ್ಣಿನ ಮೇಲೆ ಮತ್ತೆ ನೆರಿಗೆ ಕಂಡ ದಿನ ಅತ್ತೆಯನ್ನು ಕರೆದು ತೋರಿಸಿದೆ. ಅವರು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಆ ಕ್ಲಿನಿಕ್ಕಿಗೆ ಕರಾವಳಿ ಕಡೆಯ ಒಬ್ಬ ಅಜ್ಜ ಬರುತ್ತಿದ್ದರು. ಆನೆಕಾಲು. ಸೊಳ್ಳೆಯಿಂದ ಬರುವ ಹುಳು ದುಗ್ಧನಾಳವನ್ನೇ ಕೆಡಿಸುತ್ತದೆ. ಅವರಿಗೂ ಮೊದಲ ಪಾಠ ಕಾಲು ತೊಳೆದು ಬೆರಳ ಸಂದಿ ಒಣಗಿಸುವುದೇ ಆಗಿತ್ತು. ಕಾಯಿಲೆ ಬೇರೆ, ಆರೈಕೆ ಒಂದೇ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಪಾರ್ಲರಿನಲ್ಲಿ ಇದನ್ನೇ ಮುಖಕ್ಕೆ ಮಾಡುತ್ತಾರೆ ಎಂದಳು. ಬಂದಾಗ ನಾನೇ ಮಾಡಿ ತೋರಿಸಿದೆ. ಮೊದಲು ಕಾಲರ್ ಬೋನ್ ಕುಳಿ, ಆಮೇಲೆ ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕೊನೆಗೆ ಕಣ್ಣಿನ ಕೆಳಗಿನಿಂದ ಕಿವಿಯ ಕಡೆಗೆ. ಬೆಳಗಿನ ಕಣ್ಣಬಾವು ಇಳಿಯಿತು, ಮುಖ ಹಗುರಾಗಿದೆ ಎಂದಳು. ಮಧ್ಯಾಹ್ನದವರೆಗೆ ಉಳಿಯಿತು ಅಷ್ಟೇ. "ಚಿಕ್ಕಮ್ಮ, ಇದರಿಂದ ತೂಕ ಇಳಿಯುತ್ತಾ? ವಿಷ ಹೊರಗೆ ಹೋಗುತ್ತಂತೆ?" ಎಂದು ಕೇಳಿದಳು. ಸರಿದದ್ದು ನೀರು, ಕೊಬ್ಬಲ್ಲ. ರಕ್ತ ಶುದ್ಧ ಮಾಡಲು ಲಿವರು, ಕಿಡ್ನಿ ಇವೆ. ಕಣ್ಣಬಾವು ಇಳಿದದ್ದೇ ಒಂದು ಸುಖ, ಅದಕ್ಕಾಗಿ ಮಾಡಿಕೋ ಎಂದೆ. ಆದರೆ ಹೃದಯ ಸೋತವರು, ಕಿಡ್ನಿ ತೊಂದರೆ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಸರಿದ ನೀರೆಲ್ಲ ಕೊನೆಗೆ ಸೇರುವುದು ರಕ್ತಕ್ಕೇ ತಾನೇ.

ಮೆಟ್ಟುಗತ್ತಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಸ್ಲೀವ್ ಹಾಕಿಕೊಂಡು ಅರ್ಧ ಗಂಟೆ ಸುಲಿದು ಏಳುತ್ತೇನೆ, ಕೈ ಮೇಲೆತ್ತಿ ನಾಲ್ಕು ಸಲ ಮುಷ್ಟಿ ಹಿಡಿದು ಬಿಡುತ್ತೇನೆ. ಭಾನುವಾರ ಟೇಪಿನಲ್ಲಿ ಅಳೆದು ಬರೆದಿಡುತ್ತೇನೆ. ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ.

ಕಳೆದ ತಿಂಗಳು ಪಕ್ಕದ ಮನೆಯವಳಿಗೆ ಇದೇ ಆಪರೇಷನ್ ಅಂತ ಗೊತ್ತಾಯಿತು. ಹೋಗುವ ಮುಂಚಿನ ದಿನ ಅವಳನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡೆ. ಎರಡೂ ಕೈಗಳನ್ನು ಮಣಿಕಟ್ಟು, ಮುಂಗೈ, ಮೊಣಕೈ ಮೇಲೆ ಅಳೆದು, ನನ್ನ ನೋಟುಬುಕ್ಕಿನ ಹೊಸ ಪುಟದಲ್ಲಿ ತಾರೀಖಿನ ಸಮೇತ ಬರೆದೆ. ಬಾವು ಬಂದರೆ ಮೊದಲ ವಾರವೇ ಗೊತ್ತಾಗಲಿ ಅಂತ.