ಮಂಜನ್ನು ಮಂಜಾಗಿಯೇ ಬಿಟ್ಟಾಗ

ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಒಂದೇ ಫೋಟೊದ ಎರಡು ಪ್ರಿಂಟ್ ಇವೆ. ಬೆಳಗಿನ ಮಂಜು, ಒಂದು ಕೆರೆ, ಆಚೆ ದಡದಲ್ಲಿ ನಾಲ್ಕೈದು ಮರ, ಹಿಂದೆ ಬೆಟ್ಟದ ಸಾಲುಗಳು. ಎಡಗಡೆಯದು ಆರು ವರ್ಷದ ಹಿಂದೆ ಎಡಿಟ್ ಮಾಡಿದ್ದು. ಬಲಗಡೆಯದು ಅದೇ ರಾ ಫೈಲನ್ನು, ಅಂದರೆ ಕ್ಯಾಮೆರಾ ಉಳಿಸಿದ ಮೂಲ ಕಡತವನ್ನು, ಕಳೆದ ವರ್ಷ ಮತ್ತೆ ತೆರೆದು ಮಾಡಿದ್ದು.

ಎಡಗಡೆಯದರಲ್ಲಿ ಆಕಾಶ ಕಿತ್ತಳೆ, ನೀರು ನೇರಳೆ, ಮರದ ಒಂದೊಂದು ರೆಂಬೆಯೂ ಚಿತ್ರ ಬರೆದ ಹಾಗೆ ಸ್ಪಷ್ಟ. ಮಾಡಿದ ದಿನ ತುಂಬಾ ಖುಷಿಪಟ್ಟಿದ್ದೆ. ಆದರೆ ಅದರಲ್ಲಿ ಮಂಜೇ ಇಲ್ಲ. ಆ ಚಳಿಯಲ್ಲಿ ಟ್ರೈಪಾಡ್ ಪಕ್ಕ ಒಂದು ಗಂಟೆ ಕಾದು ನಿಂತದ್ದು ಆ ಮಂಜಿಗಾಗಿಯೇ ಅಲ್ವಾ?

ಎಲ್ಲಿ ಕಳೆದುಕೊಂಡೆ ಅಂತ ನೋಡಲು ಹಳೆಯ ಎಡಿಟ್‌ನ ಸ್ಲೈಡರ್‌ಗಳನ್ನು (ಬಣ್ಣ, ಬೆಳಕು ಏರಿಸಿ ಇಳಿಸಲು ಪರದೆಯ ಮೇಲೆ ಎಳೆಯುವ ಗುಂಡಿಗಳು) ಒಂದೊಂದಾಗಿ ಸೊನ್ನೆಗೆ ತಂದೆ. ಜಾಸ್ತಿ ಹಾಳು ಮಾಡಿದ್ದು ಮಬ್ಬು ತೆಗೆಯುವ ಡಿಹೇಜ್. ದೂರದ ಬೆಟ್ಟ ಮಾಸಲು ನೀಲಿಯಾಗಿ ಕಾಣುವುದಕ್ಕೆ ಕಾರಣ ನಡುವಿನ ಗಾಳಿ. ಅದರ ಅಣುಗಳು ಕೆಂಪು ಬೆಳಕಿಗಿಂತ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ದೂರ ಬೆಳೆದಷ್ಟೂ ಆ ಚದುರಿದ ಬೆಳಕು ನಡುವೆ ತುಂಬಿಕೊಂಡು ಬೆಟ್ಟದ ಕಪ್ಪು ತಿಳಿಯಾಗುತ್ತಾ ಹೋಗುತ್ತದೆ. ಮಂಜಿನ ಹನಿಗಳು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುವುದರಿಂದ ಮಂಜು ಬೆಳ್ಳಗಿರುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂದು ಕಣ್ಣು ತಿಳಿಯುವುದು ಬಹಳಮಟ್ಟಿಗೆ ಈ ತಿಳಿಯಾಗುವಿಕೆಯಿಂದಲೇ. ನಾನು ಒಂದು ಸ್ಲೈಡರ್ ಎಳೆದು ಅದನ್ನೇ ಒರೆಸಿಹಾಕಿದ್ದೆ. ಬೆಟ್ಟದ ಸಾಲುಗಳೆಲ್ಲ ಒಂದೇ ಹಾಳೆಗೆ ಅಂಟಿಸಿದ ಹಾಗೆ ಮುಂದೆ ಬಂದು ನಿಂತಿದ್ದವು.

ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಏರಿಸಿದ್ದರಿಂದ ಮರಗಳ ಸುತ್ತ ಬೆಳ್ಳನೆಯ ಅಂಚು ಮೂಡಿತ್ತು. ಬಣ್ಣವನ್ನು ಗಾಢ ಮಾಡುವ ಸ್ಯಾಚುರೇಶನ್ ಕಥೆ ಬೇರೆ. ನನ್ನ ಕ್ಯಾಮೆರಾ 14 ಬಿಟ್‌ನಲ್ಲಿ ಬರೆಯುತ್ತದೆ. ಅಂದರೆ ಪ್ರತಿ ಪಿಕ್ಸೆಲ್‌ಗೂ (ಚಿತ್ರದ ಒಂದೊಂದು ಚುಕ್ಕೆಗೂ) ಕಪ್ಪಿನಿಂದ ಬೆಳಕಿನವರೆಗೆ 16,384 ಮೆಟ್ಟಿಲು. ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಾತ್ರ. ಅಷ್ಟು ಜಾಗದಲ್ಲಿ ಕೆಂಪನ್ನು ತಳ್ಳುತ್ತಾ ಹೋದರೆ ಅದು ಸೊನ್ನೆಯಿಂದ ಎಣಿಸಿದರೆ ಕೊನೆಯ ಮೆಟ್ಟಿಲಾದ 255ಕ್ಕೆ ಹೋಗಿ ಗೋಡೆಗೆ ಬಡಿಯುತ್ತದೆ. ಮೋಡದಲ್ಲಿದ್ದ ಗುಲಾಬಿ, ತಿಳಿ ಹಳದಿ, ಏಪ್ರಿಕಾಟ್ ಬಣ್ಣಗಳೆಲ್ಲ ಸೇರಿ ಒಂದೇ ಕಿತ್ತಳೆ ತೇಪೆಯಾಗಿತ್ತು. ಬಣ್ಣ ಹೆಚ್ಚಿಸಲು ಹೋಗಿ ಬಣ್ಣಗಳನ್ನೇ ಕಳೆದಿದ್ದೆ. ಇದು ಅರ್ಥವಾದ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಹಾಗಂತ ಎಡಿಟ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್‌ನಲ್ಲಿ ಚಂದ್ರೋದಯದ ಫೋಟೊ ತೆಗೆದರು. ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಮಾಡಿದರು. ಮೊದಲಿನವುಗಳಲ್ಲಿ ಆಕಾಶದಲ್ಲಿ ಮೋಡ ಕಾಣುತ್ತವೆ. ನಂತರದವುಗಳಲ್ಲಿ ಆಕಾಶ ಬಹುತೇಕ ಕಪ್ಪು. ಅವರು ಡಾರ್ಕ್‌ರೂಮಿನಲ್ಲಿ ಧಾರಾಳವಾಗಿ ಕೈಯಾಡಿಸಿದವರು. ಆದರೆ ಎಲ್ಲಿ, ಯಾಕೆ ಗಾಢ ಮಾಡುತ್ತಿದ್ದೇನೆ ಎನ್ನುವುದು ಅವರಿಗೆ ಗೊತ್ತಿತ್ತು. ನಾನು ಮಾತ್ರ ಎಲ್ಲ ಫೋಟೊಗೂ ಅದೇ ಪ್ರಿಸೆಟ್ (ಮೊದಲೇ ಉಳಿಸಿಟ್ಟ ಸ್ಲೈಡರ್ ಹೊಂದಿಕೆ) ಹಾಕುತ್ತಿದ್ದೆ.

ರುಚಿ ಬದಲಾಗಲು ಸಮಯ ಬೇಕಾಯಿತು. ಹೆಚ್ಚು ನೆರವಾದದ್ದು ಅಮೆರಿಕದ ನಿಸರ್ಗ ಛಾಯಾಗ್ರಾಹಕ ಎಲಿಯಟ್ ಪೋರ್ಟರ್ ಅವರ ಚಿತ್ರಗಳು. ಒದ್ದೆ ಎಲೆ, ಪಾಚಿ, ಕಲ್ಲುಹೂವು, ಕಾಡಿನ ಒಂದು ಮೂಲೆ. ಎಷ್ಟೋ ಚಿತ್ರಗಳಲ್ಲಿ ಆಕಾಶವೇ ಇಲ್ಲ, ನೇರ ಬಿಸಿಲೂ ಇಲ್ಲ. ಮೊದಲ ಸಲ ನೋಡಿದಾಗ ‘ಇದರಲ್ಲಿ ಏನಿದೆ’ ಅಂತ ಪುಟ ತಿರುಗಿಸಿದ್ದೆ. ಮತ್ತೊಂದು ಸಲ ಸುಮ್ನೆ ಕೂತು ಒಂದೇ ಚಿತ್ರವನ್ನು ಐದು ನಿಮಿಷ ನೋಡಿದೆ. ಒಂದೇ ಹಸಿರು ಅಂದುಕೊಂಡದ್ದರೊಳಗೆ ಹಳದಿ ಬೆರೆತ ಹಸಿರು, ನೀಲಿ ಬೆರೆತ ಹಸಿರು, ಒಣಗುತ್ತಿರುವ ಹಸಿರು ಬೇರೆ ಬೇರೆಯಾಗಿ ಕಾಣತೊಡಗಿದವು.

ಆಮೇಲೆ ನಾನು ಬಿಟ್ಟ ಮೊದಲ ಅಭ್ಯಾಸ ಅಂದರೆ ಥಂಬ್‌ನೇಲ್ ನೋಡಿ ಫೋಟೊ ಆರಿಸುವುದು. ಉಗುರಿನಷ್ಟು ಗಾತ್ರದಲ್ಲಿ ಯಾವಾಗಲೂ ಗೆಲ್ಲುವುದು ಜೋರು ಬಣ್ಣ. ಮೆಲ್ಲಗೆ ಮಾತಾಡುವ ಫೋಟೊ ಅಲ್ಲಿ ಕೇಳಿಸುವುದೇ ಇಲ್ಲ. ಈಗ ಪ್ರತಿಯೊಂದನ್ನೂ ಪೂರ್ತಿ ಪರದೆಯಲ್ಲಿ ತೆರೆದು ಒಂದು ನಿಮಿಷ ಕೊಡುತ್ತೇನೆ. ಅರ್ಧ ದಿನ ಹೋಗುತ್ತದೆ, ಹೋಗಲಿ.

ಎರಡನೆಯದು, ಎಡಿಟ್ ಮಾಡಿದ ದಿನ ಅದನ್ನು ನಂಬುವುದಿಲ್ಲ. ಹತ್ತು ನಿಮಿಷ ಗಾಢ ಬಣ್ಣ ನೋಡಿದರೆ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಸಹಜ ಬಣ್ಣ ಪೇಲವವಾಗಿ ಕಾಣುತ್ತದೆ. ಅದಕ್ಕೇ ಮತ್ತೆ ಮತ್ತೆ ಏರಿಸುವ ಆಸೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಎಷ್ಟು ಹೆಚ್ಚಾಗಿದೆ ಅಂತ ಥಟ್ಟನೆ ಗೊತ್ತಾಗುತ್ತದೆ. ಬಹಳ ಸಲ ಸ್ಲೈಡರ್‌ಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ಪರದೆಯ ಬೆಳಕನ್ನೂ ಕಮ್ಮಿ ಇಡುತ್ತೇನೆ, ಇಲ್ಲದಿದ್ದರೆ ಪ್ರಿಂಟ್ ಕಪ್ಪಗೆ ಬರುತ್ತದೆ.

ಫೋಟೊ ತೆಗೆಯುವಾಗಲೂ ಬದಲಾವಣೆ ಆಯಿತು. ಮಂಜನ್ನು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಬಿಟ್ಟರೆ ಬೂದು ಮಾಡುತ್ತದೆ, ಏಕೆಂದರೆ ಬೆಳ್ಳಗಿರುವುದನ್ನೂ ಅದು ಮಧ್ಯಮ ಬೂದು ಅಂದುಕೊಳ್ಳುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಎರಡು ಪಟ್ಟು, ಏರಿಸಿದರೆ ಮಂಜು ಮಂಜಿನ ಬಣ್ಣಕ್ಕೆ ಬರುತ್ತದೆ. ಕಪ್ಪಿನಿಂದ ಬಿಳಿಯವರೆಗೆ ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಆಗ ಒಂದು ಸಣ್ಣ ಗುಡ್ಡದ ಹಾಗೆ ಇರುತ್ತದೆ, ಎರಡೂ ಕಡೆ ಖಾಲಿ. ಮೊದಲು ಆ ಖಾಲಿ ಜಾಗ ಕಂಡರೆ ಎರಡೂ ತುದಿಗೆ ಎಳೆದುಬಿಡುತ್ತಿದ್ದೆ. ಆ ಬೆಳಿಗ್ಗೆ ಅಪ್ಪಟ ಕಪ್ಪು ಇರಲಿಲ್ಲ, ಅಪ್ಪಟ ಬಿಳಿಯೂ ಇರಲಿಲ್ಲ. ಫೋಟೊದಲ್ಲಿ ಯಾಕಿರಬೇಕು?

ಬಲಗಡೆಯ ಪ್ರಿಂಟನ್ನು ಮ್ಯಾಟ್ ಕಾಗದದಲ್ಲಿ ಮಾಡಿಸಿದ್ದೇನೆ. ಅದರಲ್ಲಿ ಬೆಟ್ಟದ ಸಾಲು ಮೂರು ಅಂದುಕೊಂಡಿದ್ದೆ. ಗೋಡೆಗೆ ಹಾಕಿ ಎರಡು ತಿಂಗಳಾದ ಮೇಲೆ ಒಂದು ದಿನ, ಕಿಟಕಿಯ ಬೆಳಕು ಚೆನ್ನಾಗಿದ್ದಾಗ, ಮೂರನೆಯದರ ಹಿಂದೆ ಇನ್ನೊಂದು ಕಂಡಿತು. ಆಕಾಶಕ್ಕಿಂತ ಒಂದೇ ಒಂದು ಎಳೆ ಗಾಢ. ಸಂಜೆ ಬೆಳಕು ಇಳಿದರೆ ಅದು ಮತ್ತೆ ಮಾಯವಾಗುತ್ತದೆ.