ಅಟ್ಟದ ಮೇಲಿನ ಓಲೆಗರಿ: ಇತಿಹಾಸ ಸಂಘಕ್ಕೆ ಕೊಡುವ ಮುಂಚೆ ಪಟ್ಟಿ ಮಾಡುವುದು ಹೇಗೆ?

ಹಳೇ ಮನೆ ಕೆಡವುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ ಅಟ್ಟದಿಂದ ಒಂದು ಕೆಂಪು ಬಟ್ಟೆಯ ಗಂಟು ಇಳಿಯುತ್ತದೆ. ಬಿಚ್ಚಿದರೆ ಓಲೆಗರಿ ಕಟ್ಟು, ಒಂದೆರಡು ಕಡತ (ಆಫೀಸಿನ ಫೈಲ್ ಅಲ್ಲ, ಮಡಚಿದ ಕಪ್ಪು ಬಟ್ಟೆಯ ಪುಸ್ತಕ), ನಡುವೆ ಮಡಚಿಟ್ಟ ಕಾಗದಗಳು. ಊರಿನ ಇತಿಹಾಸ ಸಂಘಕ್ಕೆ ಕೊಟ್ಟುಬಿಡೋಣ ಅಂತ ಯಾರಾದರೂ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ 'ಸ್ವಲ್ಪ ಕ್ಲೀನ್ ಮಾಡಿ ಕೊಡೋಣ' ಅಂತ ಹೊರಡುತ್ತಾರಲ್ಲ, ಎಡವಟ್ಟಾಗುವುದೇ ಅಲ್ಲಿ. ಮೊದಲು ಪಟ್ಟಿ ಮಾಡಿ. ಉಳಿದದ್ದೆಲ್ಲ ಆಮೇಲೆ.

ಗಂಟು ಬಿಚ್ಚುವ ಮೊದಲೇ ಒಂದು ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಯಾರ ಮನೆಯದು, ಯಾವ ಊರು, ಎಲ್ಲಿತ್ತು, ಮನೆಯಲ್ಲಿ ಇದನ್ನು ಕೊನೆಯದಾಗಿ ಓದುತ್ತಿದ್ದವರು ಯಾರು. ಅಜ್ಜಿಗೆ ಗೊತ್ತಿದ್ದರೆ ಇವತ್ತೇ ಕೇಳಿ. ಈ ಮಾಹಿತಿ ಗರಿಯ ಮೇಲೆ ಎಲ್ಲೂ ಸಿಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದದ್ದು ತಂಜಾವೂರು ಕಡೆಯ ಒಬ್ಬ ಪಂಡಿತರಿಂದ. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ತಂದುಕೊಟ್ಟವರನ್ನು ಮಾತ್ರ ಈಗಲೂ 'ತಂಜಾವೂರಿನ ಪಂಡಿತರು' ಅಂತಲೇ ಬರೆಯುತ್ತಾರೆ, ಹೆಸರಿಲ್ಲ.

ಇನ್ನು ಕ್ಲೀನ್ ಮಾಡುವ ವಿಷಯ. ಒಣಗಿದ ಮೃದು ಬ್ರಶ್ಶಿನಿಂದ ಮೇಲಿನ ಧೂಳು ಕೊಡವಿ. ಅಷ್ಟೇ, ಮುಗಿಯಿತು. ಕೊಬ್ಬರಿ ಎಣ್ಣೆ ಬೇಡ, ಸೀಮೆಎಣ್ಣೆ ಬೇಡ, ಸ್ಪಿರಿಟ್ ಬೇಡ, ಬಿಸಿಲಿಗೆ ಒಣಹಾಕುವುದೂ ಬೇಡ. ಸಂಗ್ರಹಾಲಯಗಳಲ್ಲಿ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ, ನಿಜ. ಆದರೆ ಯಾವ ಗರಿಗೆ, ಎಷ್ಟು ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಎಷ್ಟೋ ಪ್ರತಿಗಳ ಕೊನೆಯಲ್ಲಿ ಲಿಪಿಕಾರರೇ ಒಂದು ಶ್ಲೋಕ ಬರೆದಿರುತ್ತಾರೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಅಂತ ಪುಸ್ತಕವೇ ಕೇಳಿಕೊಳ್ಳುತ್ತದೆ. ಎಣ್ಣೆಯ ಹೆಸರು ಮೊದಲು ಬಂದಿದೆ, ನೋಡಿಕೊಳ್ಳಿ.

ಕಡತದ ವಿಷಯದಲ್ಲಿ ಇನ್ನೂ ಹುಷಾರು. ಕಡತ ಅಂದರೆ ಬಟ್ಟೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದ ಲೆಕ್ಕ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಲಿ ಅಂತಲೇ ಹಾಗೆ ಮಾಡಿದ್ದು. ಅಂದರೆ ನೀವು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದೂ ನಿಯತ್ತಾಗಿ ಅಳಿಸಿಕೊಳ್ಳುತ್ತದೆ. ಹಬ್ಬದ ಹಿಂದಿನ ದಿನ ಯಾರೋ ಹೀಗೆ 'ಫಳಫಳ' ಮಾಡಿಟ್ಟ ಕಡತ ನೋಡಿದ್ದೇನೆ. ಎರಡು ಮಡಿಕೆ ಪೂರ್ತಿ ಬೋಳು. ಮೂರನೆಯದರಲ್ಲಿ ಅರ್ಧ ಸಾಲು, ಒಂದು ಕೆರೆಯ ಹೆಸರು, ಮುಂದೇನೂ ಇಲ್ಲ. ಸರಸ್ವತಿ ಪೂಜೆಗೆ ಇಡುವುದಿದ್ದರೂ ಅರಿಸಿನ ಕುಂಕುಮ ಹೊರಗಿನ ಬಟ್ಟೆಗೆ ಇರಲಿ, ಗರಿಗೆ ಬೇಡ.

ಈಗ ಕಟ್ಟು ಬಿಚ್ಚೋಣ. ದಾರ ಕತ್ತರಿಸಬೇಡಿ, ಗಂಟು ಸಡಿಲಿಸಿ. ಗರಿಗಳನ್ನು ದಾರದಿಂದ ಪೂರ್ತಿ ಕಳಚದೆ ಒಂದೊಂದಾಗಿ ಮಗುಚಿ ನೋಡಬಹುದು. ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ನಡುವೆ ಚಾಕು ತೂರಿಸುವವರು, ಇಡ್ಲಿ ಪಾತ್ರೆಯ ಹಬೆ ಹಿಡಿಯುವವರು ಇದ್ದಾರೆ. ದಯವಿಟ್ಟು ಬೇಡ. 'ಇಲ್ಲಿಂದ ಇಲ್ಲಿಗೆ ಅಂಟಿದೆ' ಅಂತ ಪಟ್ಟಿಯಲ್ಲಿ ಬರೆದರೆ ಸಾಕು.

ಪಟ್ಟಿ ಬರೆಯುವುದೇ ನಿಜವಾದ ಕೆಲಸ. ಎಲ್ಲರೂ ತಪ್ಪುವುದೂ ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲು ಎಣಿಕೆ. ಎಣಿಸಬೇಕಾದ್ದು ಗರಿ, ಪುಟ ಅಲ್ಲ. ಒಂದು ಗರಿಗೆ ಎರಡು ಮುಖ, ಅಂಕಿ ಮಾತ್ರ ಒಂದೇ. ಸಾಮಾನ್ಯವಾಗಿ ಎಡ ಅಂಚಿನಲ್ಲಿ ಇರುತ್ತದೆ. 60 ಗರಿಯ ಕಟ್ಟನ್ನು ಒಬ್ಬರು '120' ಅಂತ ಬರೆದಿಟ್ಟರೆ ಮುಂದೆ ಬಂದವರು ಅರ್ಧ ಕಟ್ಟು ಕಳೆದಿದೆ ಅಂತ ಹುಡುಕುತ್ತಾರೆ. ಅಂಕಿಗಳೂ ಕನ್ನಡದವು. ಮಸಿ ಹೋದ ಕಡೆ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಹಿಂದಿನ ಮುಂದಿನ ಗರಿ ನೋಡಿಯೇ ತೀರ್ಮಾನಿಸಬೇಕು. ಅಂಕಿ ಹಿಂದುಮುಂದಾಗಿದ್ದರೆ ನೀವೇ ಜೋಡಿಸಲು ಹೋಗಬೇಡಿ. ಇದ್ದ ಕ್ರಮವನ್ನೇ ಬರೆದುಕೊಳ್ಳಿ: 11, 12, 15, 13. ಒಂದು ಕಟ್ಟಿನಲ್ಲಿ ಅಂಕಿ ನಡುವೆ ಮತ್ತೆ 1ರಿಂದ ಶುರುವಾದರೆ ಅಲ್ಲಿ ಎರಡನೇ ಕೃತಿ ಇದೆ ಅಂತ ಅರ್ಥ. ಮೇಲೆ ಜೈಮಿನಿ ಭಾರತ, ಅದರಡಿ ನಾಟಿ ಔಷಧಿ, ಕೊನೆಗೆ ಯಾರಿಗೋ ಕೊಟ್ಟ ಭತ್ತದ ಲೆಕ್ಕ, ಎಲ್ಲ ಒಂದೇ ದಾರದಲ್ಲಿ ಪೋಣಿಸಿರುವುದು ಮಾಮೂಲು. ಪಟ್ಟಿಯಲ್ಲಿ ಜೈಮಿನಿ ಭಾರತ ಅಂತಷ್ಟೇ ಬರೆದರೆ ಉಳಿದ ಎರಡು ಇದ್ದೂ ಇಲ್ಲದಂತೆ. ನನ್ನನ್ನು ಕೇಳಿದರೆ ಆ ಭತ್ತದ ಲೆಕ್ಕವೇ ಜಾಸ್ತಿ ಮುಖ್ಯ. ಜೈಮಿನಿ ಭಾರತ ಅಚ್ಚಾಗಿದೆ, ಎಲ್ಲಿ ಬೇಕಾದರೂ ಸಿಗುತ್ತದೆ. ಆ ಲೆಕ್ಕ ಇರುವುದು ಇದೊಂದೇ ಕಡೆ.

ಭಾಷೆ ಬೇರೆ, ಲಿಪಿ ಬೇರೆ. ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಸಂಸ್ಕೃತ ಅಂತ ಒಂದೇ ಮಾತು ಬರೆದು ಕೈತೊಳೆದುಕೊಳ್ಳುತ್ತಾರೆ. ಸಂಸ್ಕೃತ ಕನ್ನಡ ಲಿಪಿಯಲ್ಲಿದೆಯೋ, ನಂದಿನಾಗರಿಯಲ್ಲೋ, ಗ್ರಂಥ ಲಿಪಿಯಲ್ಲೋ? ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಿಗಳಾರಿ ಲಿಪಿ ಸಿಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ದಫ್ತರದ ಕಾಗದಗಳಲ್ಲಿ ಮೋಡಿ ಲಿಪಿ. ಗುರುತು ಹತ್ತದಿದ್ದರೆ 'ಲಿಪಿ ತಿಳಿಯಲಿಲ್ಲ' ಅಂತ ಬರೆಯಿರಿ, ಅದರಲ್ಲಿ ನಾಚಿಕೆ ಏನಿದೆ?

ಆಮೇಲೆ ಆದಿ, ಅಂತ್ಯ. ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಇದ್ದದ್ದು ಇದ್ದ ಹಾಗೆ ನಕಲು ಮಾಡಬೇಕು, ಕಾಗುಣಿತ ತಿದ್ದಬಾರದು. 'ಶ್ರೀ ಗಣಾಧಿಪತಯೇ ನಮಃ' ಅಂತ ಬರೆದು ಆದಿ ಮುಗಿಸುವವರಿದ್ದಾರೆ. ಅದು ಕೃತಿಯ ಆದಿ ಅಲ್ಲ, ನೂರಾರು ಕಟ್ಟುಗಳು ಹಾಗೇ ಶುರುವಾಗುತ್ತವೆ. ಹಾಗಂತ ಬಿಡಲೂಬಾರದು. 'ಶ್ರೀ ವೀತರಾಗಾಯ ನಮಃ' ಇದ್ದರೆ ಜೈನರ ಮನೆಯ ಪ್ರತಿ, 'ಶ್ರೀ ಗುರುಬಸವಲಿಂಗಾಯ ನಮಃ' ಇದ್ದರೆ ವೀರಶೈವರದ್ದು ಅಂತ ಊಹಿಸಬಹುದು. ಅದನ್ನೂ ಬರೆದು, ನಂತರದ ಎರಡು ಸಾಲನ್ನೂ ಬರೆಯಿರಿ.

ಅಂತ್ಯದಲ್ಲಿ ಅದೃಷ್ಟವಿದ್ದರೆ ಬರೆದವರ ಹೆಸರು, ಊರು, ಕಾಲ ಸಿಗುತ್ತದೆ. ಕಾಲ ಇರುವುದು ಶಕ ವರ್ಷದಲ್ಲಿ. ಅದನ್ನೇ ಇಸವಿ ಅಂದುಕೊಂಡು ಪ್ರತಿಯನ್ನು 78 ವರ್ಷ ಹಿಂದಕ್ಕೆ ತಳ್ಳುವುದು ನಿತ್ಯದ ಕಥೆ. ಶಕಕ್ಕೆ 78 ಕೂಡಿಸಿ. ತಿಂಗಳು ಮಾಘ, ಫಾಲ್ಗುಣ ಆದರೆ 79. ಪಕ್ಕದಲ್ಲಿ ಸಂವತ್ಸರದ ಹೆಸರಿರುತ್ತದೆ, ತಾಳೆ ನೋಡಲು ಅದೇ ಸಾಧನ. ಶಕ 1789, ಪ್ರಭವ ಅಂತಿದ್ದರೆ ಅದು 1867ರ ಯುಗಾದಿಯಿಂದ ಶುರುವಾದ ವರ್ಷ. ಪ್ರಭವ 1927ರಲ್ಲಿ ಬಂತು, 1987ರಲ್ಲೂ ಬಂತು, 60 ವರ್ಷಕ್ಕೊಮ್ಮೆ ಬರುತ್ತದೆ. ಆದ್ದರಿಂದ ಸಂವತ್ಸರ ಒಂದೇ ಇದ್ದು ಶಕ ಇಲ್ಲದಿದ್ದರೆ ಇಸವಿ ಬರೆಯಬೇಡಿ. ಮನೆತನದ ಗೌರವಕ್ಕೆ ಅಂತ 'ಸುಮಾರು 500 ವರ್ಷ ಹಳೆಯದು' ಅಂತಲೂ ಸೇರಿಸಬೇಡಿ.

ಉದ್ದ, ಅಗಲ, ಒಂದು ಮುಖಕ್ಕೆ ಎಷ್ಟು ಸಾಲು, ಸಮಗ್ರವೋ ಅಸಮಗ್ರವೋ: ಇವನ್ನೂ ಬರೆದರೆ ಪಟ್ಟಿ ಆಯಿತು.

ಫೋಟೋಗೆ ಕಿಟಕಿ ಪಕ್ಕದ ಬೆಳಕು ಸಾಕು, ಫ್ಲ್ಯಾಶ್ ಬೇಡ. ಮೊಬೈಲಿನ ಸ್ಕ್ಯಾನ್ ಆಪ್‌ಗಳನ್ನು ಮುಟ್ಟಲೇಬೇಡಿ, ಅವು ಗರಿಯ ಬಣ್ಣ ತೆಗೆದು ಬಿಳಿ ಮಾಡುವ ಭರದಲ್ಲಿ ಅರ್ಧ ಅಕ್ಷರ ತಿಂದುಬಿಡುತ್ತವೆ. ಓಲೆಗರಿಯಲ್ಲಿ ಅಕ್ಷರ ಕಬ್ಬಿಣದ ಕಂಠದಿಂದ, ಅಂದರೆ ಮೊನಚು ಲೇಖನಿಯಿಂದ ಕೊರೆದದ್ದು, ಮಸಿ ಆಮೇಲೆ ತಿಕ್ಕಿದ್ದು. ಮಸಿ ಹೋಗಿದ್ದರೂ ಗೀರು ಇರುತ್ತದೆ. ಟಾರ್ಚನ್ನು ಪಕ್ಕದಿಂದ, ಗರಿಗೆ ಸಮವಾಗಿ ಹಿಡಿದರೆ ಆ ಗೀರು ಎದ್ದು ಕಾಣುತ್ತದೆ.

ಮತ್ತೆ ಕಟ್ಟುವಾಗ ಮರದ ಪಟ್ಟಿ, ಹತ್ತಿ ಬಟ್ಟೆ, ಬಿಗಿಯಾದ ದಾರ. ರಬ್ಬರ್ ಬ್ಯಾಂಡ್, ಸೆಲೋಟೇಪ್, ಗುಂಡುಸೂಜಿ, ಪ್ಲಾಸ್ಟಿಕ್ ಕವರ್, ಲ್ಯಾಮಿನೇಶನ್ ಒಂದೂ ಬೇಡ. ನುಸಿಗುಳಿಗೆಗಿಂತ ಬಟ್ಟೆಯಲ್ಲಿ ಸುತ್ತಿದ ಬಜೆ ಬೇರು ನನಗೆ ಇಷ್ಟ. ಗುರುತಿನ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಹೊರಗಿನ ದಾರಕ್ಕೆ ಕಟ್ಟಿ, ಗರಿಯ ಮೇಲೆ ಪೆನ್ನು ತಾಗಿಸಬೇಡಿ.

ಕೊಡುವುದು ಎಲ್ಲಿಗೆ? ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ಸಾಗರದ ಹತ್ತಿರ ಕೆಳದಿಯಲ್ಲಿ ಇರುವಂಥ ಊರಿನ ಸಂಗ್ರಹಾಲಯಗಳೂ ಇವೆ. ಊರಿನ ಹೆಸರು, ಮನೆತನ, ಕೆರೆ, ಗದ್ದೆ ಗೊತ್ತಿರುವವರು ಹತ್ತಿರದಲ್ಲಿದ್ದರೆ ಕಾಗದಪತ್ರ ಅವರಿಗೇ ಕೊಡಿ ಅನ್ನುವವನು ನಾನು. ಆದರೆ ಬೀರು ಇದೆಯಾ, ಮಾಡು ಸೋರುತ್ತದಾ, ಹೋಗಿ ನೋಡಿ. ಅಮೆರಿಕದ ಮಗನ ಮನೆಗೆ ನೆನಪಿಗೆ ಒಂದು ಕಟ್ಟು ಕಳಿಸೋಣ ಅಂತಿದ್ದರೆ ಅದಾಗುವುದಿಲ್ಲ. 75 ವರ್ಷ ದಾಟಿದ, ಇತಿಹಾಸಕ್ಕೋ ಸಾಹಿತ್ಯಕ್ಕೋ ಬೆಲೆಯುಳ್ಳ ಹಸ್ತಪ್ರತಿಯನ್ನು 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಫೋಟೋ ಕಳಿಸಿ.

ಕೊಡುವ ದಿನ ಪಟ್ಟಿಯ ಎರಡು ಪ್ರತಿ ಒಯ್ಯಿರಿ. ದಾನವೋ, ಇಟ್ಟುಕೊಳ್ಳಲು ಕೊಟ್ಟದ್ದೋ, ಯಾರು ಬಂದರೂ ಓದಬಹುದೋ, ಮನೆಯವರಿಗೆ ಫೋಟೋ ಪ್ರತಿ ಸಿಗುತ್ತದೋ, ಎಲ್ಲವನ್ನೂ ಅದರ ಕೆಳಗೆ ಬರೆಸಿ. ಎರಡಕ್ಕೂ ಸಹಿ, ಸೀಲು ಹಾಕಿಸಿ ಒಂದನ್ನು ಮನೆಯ ದಸ್ತಾವೇಜುಗಳ ಜೊತೆ ಇಡಿ. 'ನಮ್ಮವರೇ ಅಲ್ವಾ, ಕಾಗದ ಯಾಕೆ' ಅಂತ ಹೇಳುವವರು ಸಿಕ್ಕರೆ ನಗುತ್ತಲೇ ಪೆನ್ನು ಕೊಡಿ.