ಹೀಟರ್ ಒಳಗೆ ಕುಂಬಾರ ಹುಳದ ಗೂಡು

ಮಳೆಗಾಲ ಪೂರ್ತಿ ನಮ್ಮ ಮೋಟರ್‌ಹೋಮ್ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ) ಪುಣೆಯ ಮನೆ ಮುಂದೆ ಸುಮ್ನೆ ನಿಂತಿತ್ತು. ದೀಪಾವಳಿಗೆ ಧಾರವಾಡಕ್ಕೆ ಹೊರಡುವ ಮುಂಚೆ ಅದರಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಹಾಕಿ ನೋಡಿದೆ. ಟಿಕ್ ಟಿಕ್ ಅಂದಿತು, ಹಳದಿ ಜ್ವಾಲೆ ಬಂತು, ಕೆಲವೇ ಸೆಕೆಂಡಿನಲ್ಲಿ ಆರಿತು. ಮೂರು ಸಲವೂ ಹಾಗೇ.

ಪೈಪಿನಲ್ಲಿ ಗಾಳಿ ಸೇರಿರಬೇಕು ಅಂದುಕೊಂಡೆ. ಆದರೆ ಅಡುಗೆ ಒಲೆ ನೀಲಿಯಾಗಿ ಉರಿಯಿತು. ಅಂದ್ರೆ ಗ್ಯಾಸ್ ಬರ್ತಿದೆ, ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ ಅಲ್ವಾ?

ಸಿಲಿಂಡರ್ ಬಂದ್ ಮಾಡಿ, ಹೀಟರ್ ತಣ್ಣಗಾದ ಮೇಲೆ ಹೊರಗಿನ ಮುಚ್ಚಳ ತೆಗೆದೆ. ಬರ್ನರ್ ಕೊಳವೆಗೆ ಟಾರ್ಚ್ ಬಿಟ್ಟರೆ ಕುಂಬಾರ ಹುಳದ ಗೂಡು! ಹೆಬ್ಬೆರಳಿನಷ್ಟು ಒಣಮಣ್ಣು, ಸುತ್ತ ಜೇಡರ ಬಲೆ, ಮೇಲೆ ಕಪ್ಪು ಮಸಿ. ಕೊಳವೆ ಬಿಚ್ಚಿ ಬಾಟಲಿ ಬ್ರಷ್‌ನಿಂದ ಉಜ್ಜಿದೆ. ಗ್ಯಾಸ್ ಚಿಮ್ಮುವ ಜೆಟ್‌ನ ಸಣ್ಣ ತೂತಿಗೆ ಮಾತ್ರ ಸೂಜಿ ಚುಚ್ಚಬೇಡಿ. ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬರುತ್ತದೆ, ಅಪಾಯ. ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಈ ಸಲ ಜ್ವಾಲೆ ನೀಲಿ, ಗಟ್ಟಿಯಾಗಿ ನಿಂತಿತು.

ಆದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ. ತಣ್ಣೀರನ್ನು ಹೀಟರ್ ಟ್ಯಾಂಕಿಗೆ ಹೋಗದೆ ನೇರ ಬಿಸಿನೀರಿನ ಪೈಪಿಗೆ ಬಿಡುವ ಬೈಪಾಸ್ ವಾಲ್ವ್ ತೆರೆದಿತ್ತು, ತಣ್ಣೀರು ಬೆರೆಯುತ್ತಿತ್ತು. ಮುಚ್ಚಿದೆ, ಸರಿಹೋಯಿತು.

ನಿಮ್ಮದು ಕರೆಂಟಿನಲ್ಲೂ ನಡೆಯುವ ಹೀಟರ್ ಆದರೆ, ಟ್ಯಾಂಕ್ ತುಂಬಿ ನಲ್ಲಿಯಲ್ಲಿ ನೀರು ಬರುವ ತನಕ ಸ್ವಿಚ್ ಮುಟ್ಟಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗ ಸುಟ್ಟುಹೋಗುತ್ತದೆ.